ಇರಿ ಎಂದು ಕೇಳಿಕೊಳ್ಳುವ ಮಾತು



ಈ ಉಪನ್ಯಾಸಕ್ಕೆ ಹಣ ಇಟ್ಟವರು ಒಂದು ಕರಾರು ಬರೆದಿದ್ದಾರೆ: ಅಸಲು ಮುಟ್ಟಬಾರದು, ಬಡ್ಡಿಯಲ್ಲೇ ವರ್ಷ ವರ್ಷವೂ ನಡೆಸಿಕೊಂಡು ಹೋಗಬೇಕು. ದತ್ತಿ ಇಡುವವರೆಲ್ಲ ಹೀಗೇ ಬರೆಯುತ್ತಾರೆ. ಎಷ್ಟು ವರ್ಷ ಎಂದು ಮಾತ್ರ ಯಾರೂ ಬರೆಯುವುದಿಲ್ಲ. ಬ್ಯಾಂಕಿನ ಠೇವಣಿ ಪತ್ರದಲ್ಲಿ ಅವಧಿ ಮುಗಿಯುವ ತಾರೀಖು ಇರುತ್ತದೆ. ಇಟ್ಟವರ ಮನಸ್ಸಿನಲ್ಲಿ ಅಂಥ ತಾರೀಖು ಇರುವುದಿಲ್ಲ.

ದತ್ತಿ ಎಂಬ ಪದವೂ ಈ ಆಸೆಯೂ ನಮ್ಮ ಸೀಮೆಗೆ ಹೊಸತಲ್ಲ. ಕೆರೆಗೆ, ಬಸದಿಗೆ, ಗುಡಿಗೆ ಬಿಟ್ಟುಕೊಟ್ಟ ಭೂಮಿಯನ್ನು ಶಾಸನಗಳು ದತ್ತಿ ಎಂದೇ ಕರೆಯುತ್ತವೆ. ಬಿ. ಎಲ್. ರೈಸ್ ಅವರು 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ನಾಲ್ಕನೆಯ ಸಂಪುಟ ಹೊರತಂದಾಗ ಹುಣಸೂರು, ಎಡತೊರೆ, ಹೆಗ್ಗಡದೇವನಕೋಟೆಯ ಕಲ್ಲುಗಳು ಅದರಲ್ಲಿ ಸೇರಿದವು. ಎಡತೊರೆ ಎಂದರೆ ಇವತ್ತಿನ ಕೃಷ್ಣರಾಜನಗರ. ಅಂಥ ದಾನದ ಕಲ್ಲಿನ ನೆತ್ತಿಯನ್ನು ನೋಡಿ. ಒಂದು ಕಡೆ ಸೂರ್ಯನ ದುಂಡು, ಇನ್ನೊಂದು ಕಡೆ ಚಂದ್ರನ ಕೊಂಕಿ. ಓದು ಬಾರದವನಿಗೂ ಕರಾರು ತಿಳಿಯಲಿ ಎಂದು ಕೊರೆದ ಚಿತ್ರ ಅದು. ಆಚಂದ್ರಾರ್ಕ: ಚಂದ್ರ ಸೂರ್ಯರು ಇರುವತನಕ. ಕೊಟ್ಟ ದೊರೆ ಹೋದ, ಪಡೆದವನೂ ಹೋದ, ಎಷ್ಟೋ ಕಡೆ ಗುಡಿಯೂ ಬಿತ್ತು. ಕಲ್ಲು ಮಾತ್ರ ಹೊಗೆಸೊಪ್ಪಿನ ಹೊಲದ ಬದುವಿನಲ್ಲಿ ನಿಂತಿದೆ.

ಕಲ್ಲಿನಲ್ಲಿ ಕೊರೆದ ಈ ಆಸೆ ಬಾಯಿಮಾತಿನಲ್ಲೂ ಇದೆ. ಸದಾ ಬದುಕಿರುವುದನ್ನು ಹೇಳುವ ಮಾತು ಕನ್ನಡದಲ್ಲಿ ದಿನಬಳಕೆಗೆ ಹೇಗೆ ಇಳಿದಿದೆ, ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯೂ ಆಗದ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟ್ ಭಾಷೆಯವರು ಅದನ್ನು ಹೇಗೆ ಆಡುತ್ತಾರೆ, ಇವತ್ತು ಇಷ್ಟನ್ನು ಹೇಳಬೇಕು.

ಚಿರಂಜೀವಿ ಎಂದರೇನು ಎಂದು ಹೈಸ್ಕೂಲು ಮಕ್ಕಳನ್ನು ಕೇಳಿದರೆ ‘ಸಾವೇ ಇಲ್ಲದವನು’ ಎನ್ನುತ್ತಾರೆ. ಬಿಡಿಸಿ ನೋಡಿದರೆ ಅಷ್ಟು ದೊಡ್ಡ ಮಾತು ಅದರಲ್ಲಿಲ್ಲ. ಚಿರಂ ಎಂದರೆ ಬಹಳ ಕಾಲ, ಜೀವಿ ಎಂದರೆ ಬದುಕಿರುವವನು. ಸಾಯದವನಿಗೆ ಬೇರೆ ಪದ ಇದೆ: ಅಮರ. ಸಂಸ್ಕೃತ ನಿಘಂಟು ಅಮರಕೋಶ ದೇವತೆಗಳಿಗೆ ಕೊಡುವ ಹೆಸರುಗಳಲ್ಲಿ ಮೊದಲನೆಯದೇ ಅದು. ಅದರ ಬೆನ್ನಿಗೇ ನಿರ್ಜರ, ಮುಪ್ಪಿಲ್ಲದವನು. ಚಿರಂಜೀವಿಗೆ ಸಾವಿಲ್ಲದ ಅರ್ಥ ಹತ್ತಿದ್ದು ಪುರಾಣದ ಏಳು ಜನರಿಂದ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಎಂಟನೆಯವನಾಗಿ ಮಾರ್ಕಂಡೇಯನನ್ನೂ ಸೇರಿಸುವುದುಂಟು. ಇವರಲ್ಲಿ ಅಶ್ವತ್ಥಾಮನಿಗೆ ಅದು ವರವೇ ಅಲ್ಲ, ಶಾಪ. ಹಣೆಯ ಮಣಿ ಕಿತ್ತ ಗಾಯದೊಡನೆ ಕಾಡು ಸುತ್ತುವ ಬದುಕು. ನಮ್ಮ ಹಳ್ಳಿಗಳಲ್ಲಿ ಹನುಮನ ಗುಡಿ ಇಲ್ಲದ ಊರು ಕಡಿಮೆ. ಅಶ್ವತ್ಥಾಮನ ಗುಡಿಯನ್ನು ನಾನು ಕಂಡಿಲ್ಲ. ಬರೀ ಬದುಕಿರುವುದನ್ನು ಜನ ಪೂಜೆ ಮಾಡುವುದಿಲ್ಲ.

ದಿನಬಳಕೆಯಲ್ಲಿ ಈ ಪದ ಕರಗಿ ಒಂದೇ ಅಕ್ಷರವಾಗಿದೆ. ಲಗ್ನಪತ್ರಿಕೆಯ ಕರಡು ತಿದ್ದಿಕೊಡಿ ಎಂದು ಊರಿನವರು ನನ್ನ ಹತ್ತಿರ ತರುವುದು ವಾಡಿಕೆ. ನಲವತ್ತು ವರ್ಷದಿಂದ ತಿದ್ದುತ್ತಿದ್ದೇನೆ. ವರನ ಹೆಸರಿನ ಮುಂದೆ ಚಿ|| ರಾ||. ವಧುವಿನ ಹೆಸರಿನ ಮುಂದೆ ಚಿ|| ಕುಂ|| ಸೌ||. ಅದೇ ಹಾಳೆಯಲ್ಲಿ ಎರಡು ಬೆರಳು ಕೆಳಗೆ ಅಜ್ಜನ ಹೆಸರು, ಅದರ ಮುಂದೆ ದಿ||. ಒಂದು ಮನೆತನದ ಇರುವಿಕೆ, ಇಲ್ಲದಿರುವಿಕೆ ಎಲ್ಲ ಈ ಎರಡು ಗೀಟುಗಳ ಹಿಂದೆ ಇರುತ್ತದೆ. ಒಮ್ಮೆ ಅಚ್ಚಿನಮನೆಯಲ್ಲಿ ಮೊಳೆ ಜೋಡಿಸುವಾಗ ಚಿ|| ಇರಬೇಕಾದಲ್ಲಿ ದಿ|| ಬಿದ್ದಿತ್ತು. ಐನೂರು ಪ್ರತಿ ಅಚ್ಚಾಗಿತ್ತು. ಹುಡುಗನ ತಾಯಿ ಅದನ್ನು ಹಂಚುವುದಿರಲಿ, ಮನೆಯಲ್ಲಿ ಇಟ್ಟುಕೊಳ್ಳಲೂ ಒಪ್ಪಲಿಲ್ಲ; ಅಷ್ಟನ್ನೂ ಹಿತ್ತಲಿನಲ್ಲಿ ಸುಟ್ಟು ಕೈಕಾಲು ತೊಳೆದು ಒಳಗೆ ಬಂದರು. ಅಕ್ಷರ ಅಷ್ಟು ಜೀವಂತ. ಕರಡು ನನ್ನ ಕೈಗೆ ಬಂದಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

ವಧುವಿನ ಕುಂ|| ಸೌ|| ಬಗ್ಗೆ ಒಂದು ಮಾತು ಹೇಳಲೇಬೇಕು. ಗಂಡಿಗೆ ಹಾರೈಸುವ ಆಯುಸ್ಸು ಅವನದೇ. ಹೆಣ್ಣಿಗೆ ಹಾರೈಸುವುದು ಕುಂಕುಮ, ಎಂದರೆ ಅವಳ ಗಂಡನ ಆಯುಸ್ಸು. ದೀರ್ಘ ಸುಮಂಗಲಿಯಾಗು ಎಂದಾಗ ಮುತ್ತೈದೆಯಾಗಿಯೇ ಹೋಗು ಎಂಬ ಮಾತೂ ಅದರೊಳಗೆ ಇರುತ್ತದೆ. ನನ್ನ ತಂದೆ ತೀರಿದ ಮೇಲೆ ನಮ್ಮ ತಾಯಿ ಇಪ್ಪತ್ತಾರು ವರ್ಷ ಬದುಕಿದ್ದರು. ಆ ಇಪ್ಪತ್ತಾರು ವರ್ಷಕ್ಕೆ ನಮ್ಮ ಆಶೀರ್ವಾದಗಳಲ್ಲಿ ಹೆಸರೇ ಇರಲಿಲ್ಲ. ಇದು ಸರಿಯಲ್ಲ ಎಂದು ನಾನು ನಂಬುತ್ತೇನೆ. ಈಗ ಕರಡು ತಿದ್ದುವಾಗ ಇಬ್ಬರಿಗೂ ಬರೀ ಚಿ|| ಹಾಕಿ ಎಂದು ಹೇಳುತ್ತೇನೆ. ಕೆಲವರು ಕೇಳುತ್ತಾರೆ.

ಬಾಯಿಮಾತಿನಲ್ಲಿ ಪದ ಇನ್ನೂ ಮೆದು. ಮಗು ಸೀನಿದರೆ ನಮ್ಮಜ್ಜಿ ಕೈಯಲ್ಲಿ ಏನು ಕೆಲಸವಿದ್ದರೂ ಬಿಟ್ಟು ‘ಚಿರಂಜೀವಿ’ ಅನ್ನೋರು. ಎರಡನೇ ಸಲ ಸೀನಿದರೆ ‘ನೂರ್ವರ್ಷ’. ಮೂರನೇ ಸಲಕ್ಕೆ ‘ನೆಗಡಿ ಕಣೇ, ಮೆಣಸಿನ ಸಾರು ಮಾಡು’ ಎಂದು ಅಮ್ಮನಿಗೆ ಕೂಗು. ಸೀನಿದಾಗ ಜೀವ ಒಂದು ಗಳಿಗೆ ಹೊಸಿಲ ತನಕ ಹೋಗಿ ಬರುತ್ತದೆ, ಹೆಸರಿಟ್ಟು ಕರೆದರೆ ಒಳಗೆ ಬರುತ್ತದೆ ಎಂಬುದು ಅವರ ಲೆಕ್ಕ. ಅವರು ಹೆತ್ತದ್ದು ಒಂಬತ್ತು, ಉಳಿದದ್ದು ನಾಲ್ಕು. ಆ ಕಾಲದಲ್ಲಿ ಇದು ವಿಶೇಷವೇ ಅಲ್ಲ. 1970–75ರ ಹೊತ್ತಿಗೂ ಈ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು 49.7 ವರ್ಷ. 2014–18ರ ಹೊತ್ತಿಗೆ ಅದು 69.4ಕ್ಕೆ ಬಂತು. ಸುಮಾರು ಇಪ್ಪತ್ತು ವರ್ಷದ ಈ ಏರಿಕೆ ಲಸಿಕೆ, ಹೆರಿಗೆ ಆಸ್ಪತ್ರೆ, ಕುಡಿಯುವ ನೀರು ಇಂಥವುಗಳಿಂದ ಆದದ್ದು. ಅದಕ್ಕೂ ಮುಂಚಿನ ಅಜ್ಜಿಯರ ಕೈಯಲ್ಲಿ ಇದ್ದ ಔಷಧಿ ಹೆಚ್ಚಾಗಿ ಮಾತು.

ಮಾತಿನಲ್ಲೂ ಒಂದು ಉಪಾಯವಿತ್ತು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ ಎಂದು ಹೆಸರಿಡುತ್ತಿದ್ದರು. ಗುಂಡ, ಕಲ್ಲ, ಕಾಡ ಎಂದು ಕರೆಯುತ್ತಿದ್ದರು. ಯಮನ ಕಣ್ಣಿಗೆ ಬೇಡವಾದ ಹೆಸರು. ಚಿರಂಜೀವಿ ಎಂದು ಕರೆಯುವ ಬಾಯಿಯೇ ತಿಪ್ಪ ಎಂದೂ ಕರೆಯಿತು, ಎರಡರ ಒಳಗೂ ಒಂದೇ ಹೆದರಿಕೆ, ಒಂದೇ ಪ್ರೀತಿ.

ಇನ್ನು ಗುರುಪುರಕ್ಕೆ ಬರುತ್ತೇನೆ. ನಮ್ಮ ಜನ ಅದನ್ನು ‘ಕ್ಯಾಂಪು’ ಎನ್ನುತ್ತಾರೆ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಮೊದಲು ಜಾಗ ಕೊಟ್ಟದ್ದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, 1960ರಲ್ಲಿ, ಸುಮಾರು 3,000 ಎಕರೆ. ಹುಣಸೂರು ತಾಲ್ಲೂಕಿನ ಗುರುಪುರದ ರಬ್ಗೇಲಿಂಗ್ ನೆಲೆಯಾದದ್ದು 1972ರಲ್ಲಿ. ಅದೇ ವರ್ಷ ಗ್ಯುದ್‌ಮೇದ್ ಮಠದ ಸನ್ಯಾಸಿಗಳು ಹಿಮಾಚಲದ ಡಾಲ್‌ಹೌಸಿಯಿಂದ ಇಲ್ಲಿಗೆ ಬಂದರು. 1433ರಲ್ಲಿ ಷೆರಬ್ ಸೆಂಗೆ ಎಂಬ ಗುರು ಟಿಬೆಟಿನಲ್ಲಿ ಕಟ್ಟಿದ ಮಠ ಅದು. ಒಂದೇ ಕೊರಳಿನಿಂದ ಕಹಳೆಯಂತೆ ತಗ್ಗು ದನಿ ಹೊರಡಿಸುವ ಅವರ ಪಠಣ ಲೋಕಪ್ರಸಿದ್ಧ. ಕಾಡಾನೆ ಬರುವ ಭೂಮಿಯಲ್ಲಿ ಮುಸುಕಿನ ಜೋಳ ಹಾಕಿ, ಚಳಿಗಾಲಕ್ಕೆ ಊರೂರಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರಿ ಬದುಕು ಕಟ್ಟಿಕೊಂಡವರು ಇವರು. ಹುಣಸೂರಿನ ಸಂತೆಯಲ್ಲಿ ಅವರೆಕಾಯಿಗೆ ಚೌಕಾಸಿ ಮಾಡುವ ಕನ್ನಡ ಇವರಿಗೆ ಚೆನ್ನಾಗಿ ಬರುತ್ತದೆ. ಅವರ ಮಾತು ನಮಗೆ ಬರುವುದಿಲ್ಲ. ಐವತ್ತು ವರ್ಷ ನೆರೆಯಲ್ಲಿದ್ದೂ ನಾವು ಕಲಿತದ್ದು ಮೊಮೊ ಒಂದೇ ಪದವನ್ನು ಎಂದು ನೆನೆದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಮೇಷ್ಟ್ರಾಗಿ ನಾನು ಕಲಿತ ಮೊದಲ ಪದ ಹಾಜರಿ ಪುಸ್ತಕದ್ದು. ತ್ಸೆರಿಂಗ್. ನಮ್ಮವರ ಬಾಯಲ್ಲಿ ಸೇರಿಂಗು. ಹುಡುಗನಿಗೂ ಇಡುತ್ತಾರೆ, ಹುಡುಗಿಗೂ ಇಡುತ್ತಾರೆ. ತ್ಸೆ ಎಂದರೆ ಆಯುಸ್ಸು, ರಿಂಗ್ ಎಂದರೆ ಉದ್ದ. ದೀರ್ಘಾಯು! ಹಾಜರಿ ಕೂಗುವಾಗ ನಾನು ದಿನವೂ ಆಶೀರ್ವಾದ ಮಾಡುತ್ತಿದ್ದೆ, ನನಗೇ ಗೊತ್ತಿರಲಿಲ್ಲ. ತ್ಸೆವಾಂಗ್, ತ್ಸೆತೆನ್ ಎಂಬ ಹೆಸರುಗಳಲ್ಲೂ ಅದೇ ತ್ಸೆ. ಸಾವಿಲ್ಲದ್ದಕ್ಕೆ ಅವರಲ್ಲೂ ಬೇರೆ ಪದ ಇದೆ: ಚಿಮೆ. ನಾವು ಚಿರಂಜೀವಿಯನ್ನೂ ಅಮರನನ್ನೂ ಬೇರೆ ಇಟ್ಟಂತೆ ಅವರು ತ್ಸೆರಿಂಗನ್ನೂ ಚಿಮೆಯನ್ನೂ ಬೇರೆ ಇಟ್ಟಿದ್ದಾರೆ. ಇದು ಕಾಕತಾಳೀಯ ಇರಲಿಕ್ಕಿಲ್ಲ. ನಮ್ಮ ಕೂಲಿಮಠಗಳಲ್ಲಿ ಬಾಯಿಪಾಠ ಮಾಡಿಸುತ್ತಿದ್ದ, ನಾಚಿರಾಜ ಕನ್ನಡದಲ್ಲಿ ಟೀಕೆ ಬರೆದ ಅಮರಕೋಶ ಟಿಬೆಟ್ ಭಾಷೆಗೂ ಹೋಗಿದೆ. ಅಲ್ಲಿ ಅದರ ಹೆಸರು ‘ಚಿಮೆ ಜೋ’, ಸಾವಿಲ್ಲದ ಭಂಡಾರ. ಅದನ್ನು ಬರೆದ ಅಮರಸಿಂಹನ ಹೆಸರನ್ನೂ ಬಿಡದೆ ಅನುವಾದಿಸಿದರು. ಒಂದೇ ನಿಘಂಟು ಎರಡು ಕಡೆ ಹೋಗಿ, ಸಾವಿರ ಮೈಲಿ ಸುತ್ತಿ, ಒಂದೇ ತಾಲ್ಲೂಕಿನಲ್ಲಿ ಮತ್ತೆ ಎದುರುಬದುರಾಯಿತು.

ತಿಪ್ಪಯ್ಯನಿಗೂ ಅಲ್ಲಿ ಅಣ್ಣತಮ್ಮಂದಿರಿದ್ದಾರೆ. ಮಕ್ಕಳು ಉಳಿಯದ ಮನೆಯಲ್ಲಿ ನಾಯಿಯ ಹೇಲು ಎಂಬ ಅರ್ಥದ ಹೆಸರಿಟ್ಟು ಕೂಸನ್ನು ಸಾವಿನಿಂದ ಮರೆಮಾಡುವ ಪದ್ಧತಿ ಟಿಬೆಟಿನಲ್ಲೂ ಇತ್ತು. ಇದನ್ನು ಕ್ಯಾಂಪಿನ ಒಬ್ಬ ಅಜ್ಜಿ ನಗುತ್ತ ಹೇಳಿದರು. ನಾನು ತಿಪ್ಪಯ್ಯನ ಕತೆ ಹೇಳಿದೆ. ಅವರು ನಗು ನಿಲ್ಲಿಸಿ ನನ್ನ ಕೈ ಹಿಡಿದು ‘ನಿಮ್ದೂ ಹಂಗೇನಾ’ ಎಂದರು. ಆ ಅಜ್ಜಿಯನ್ನು ನಾವು ಮೋಲಾ ಎನ್ನುತ್ತಿದ್ದೆವು. ಮೋ ಎಂದರೆ ಅಜ್ಜಿ. ಲಾ ಸೇರಿದರೆ ಮರ್ಯಾದೆ, ನಮ್ಮ ‘ಅವರು’ ಇದ್ದ ಹಾಗೆ.

ಬೈಲಕುಪ್ಪೆಯ ನಮ್‌ಡ್ರೋಲಿಂಗ್ ಮಠದ ಚಿನ್ನದ ದೇವಸ್ಥಾನವನ್ನು ಇಲ್ಲಿ ನೋಡದವರಿಲ್ಲ. ಮೂರು ಭಾರಿ ವಿಗ್ರಹಗಳಿವೆ. ನಡುವೆ ಬುದ್ಧ, ಒಂದು ಪಕ್ಕ ಪದ್ಮಸಂಭವ, ಇನ್ನೊಂದು ಪಕ್ಕ ಅಮಿತಾಯುಸ್. ಫೋಟೊ ತೆಗೆಸಿಕೊಂಡು ಬರುವ ನಮ್ಮ ಜನ ಮೂರನ್ನೂ ಬುದ್ಧ ಎಂದುಕೊಂಡು ಬರುತ್ತಾರೆ. ಮುಂದಿನ ಸಲ ಹೋದಾಗ ಅಮಿತಾಯುಸ್ಸಿನ ಕೈ ನೋಡಿ. ಎರಡು ಅಂಗೈ ತೊಡೆಯ ಮೇಲೆ ಒಂದರ ಮೇಲೊಂದು, ಅದರ ನಡುವೆ ಒಂದು ಕಲಶ. ಆಯುಸ್ಸಿನ ಅಮೃತ ತುಂಬಿದ ಕಲಶ. ಅಳತೆಯಿಲ್ಲದ ಆಯುಸ್ಸು ಎಂಬುದೇ ಆ ಹೆಸರಿನ ಅರ್ಥ. ಟಿಬೆಟ್ ಭಾಷೆಯ ಹೆಸರೂ, ತ್ಸೆಪಾಮೆ, ಅದನ್ನೇ ಹೇಳುತ್ತದೆ. ಆಯುಸ್ಸಿನ ದೀಕ್ಷೆ ಕೊಡುವ ದಿನ ಜನರಿಗೆ ಹಿಟ್ಟಿನ ಸಣ್ಣ ಉಂಡೆ ಹಂಚುತ್ತಾರೆ, ತ್ಸೆರಿಲ್ ಎಂದು. ಮೋಲಾ ನಮ್ಮ ಮನೆಗೂ ಕಾಗದದಲ್ಲಿ ಕಟ್ಟಿ ತಂದುಕೊಡುತ್ತಿದ್ದರು. ಮೆಣಸಿನ ಕಾಳಿಗಿಂತ ತುಸು ದಪ್ಪ, ಕಚ್ಚಿದರೆ ಸಿಹಿ. ಅಮ್ಮ ಅದನ್ನು ನಂಜುಂಡೇಶ್ವರನ ಪ್ರಸಾದದ ಜೊತೆ ಇಟ್ಟು, ಸ್ನಾನ ಮಾಡಿದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಎರಡು ಕಡೆಯ ಹೋಲಿಕೆ. ನನ್ನನ್ನು ನಿದ್ದೆಗೆಡಿಸಿದ್ದು ಒಂದು ವ್ಯತ್ಯಾಸ. ನಮ್ಮಲ್ಲಿ ಚಿರಂಜೀವಿ ಎಂಬ ಮಾತು ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ತಂದೆ ಮಗನಿಗೆ ಚಿರಂಜೀವಿ ಎಂದು ಕಾಗದ ಬರೆದರೆ ಮಗ ತಂದೆಗೆ ತೀರ್ಥರೂಪ ಎಂದು ಬರೆಯುತ್ತಾನೆ. ಹಿರಿಯರು ಹರಸಬೇಕು, ಕಿರಿಯರು ಬಗ್ಗಬೇಕು. ಮಗ ಅಪ್ಪನಿಗೆ ಚಿ|| ಹಾಕಿದರೆ ಅದು ಅಧಿಕಪ್ರಸಂಗ. ಕೂದಲು ನರೆಯುತ್ತ ಬಂದ ಹಾಗೆ ಚಿ|| ಉದುರಿ ಶ್ರೀ ಬರುತ್ತದೆ. ಆಯುಸ್ಸಿನ ಹಾರೈಕೆ ಯಾರಿಗೆ ಹೆಚ್ಚು ಬೇಕೋ ಆ ವಯಸ್ಸಿಗೆ ಸರಿಯಾಗಿ ಅದು ಹಿಂದಕ್ಕೆ ಸರಿಯುತ್ತದೆ. ಅರವತ್ತಕ್ಕೆ ಷಷ್ಟಿಪೂರ್ತಿ, ಎಂಬತ್ತು ದಾಟಿದರೆ ಸಹಸ್ರ ಚಂದ್ರ ದರ್ಶನ ಮಾಡುವ ಮನೆಗಳಿವೆ, ಮರೆತಿಲ್ಲ. ಅಲ್ಲಿಯೂ ಕಿರಿಯರ ಪಾಲಿಗೆ ಬರುವುದು ಕಾಲಿಗೆರಗಿ ಅಕ್ಷತೆ ಹಾಕಿಸಿಕೊಳ್ಳುವುದು. ಮಾತನಾಡುವವರು ಪುರೋಹಿತರು.

ಗುರುಪುರದಲ್ಲಿ ಮಾತು ಕೆಳಗಿನಿಂದ ಮೇಲಕ್ಕೂ ಏರುತ್ತದೆ. ಗುರುವಿನ ದೀರ್ಘಾಯುಸ್ಸಿಗೆ ಶಿಷ್ಯರು ಮಾಡುವ ಪ್ರಾರ್ಥನೆಗೆ ಶಬ್‌ತೆನ್ ಎನ್ನುತ್ತಾರೆ. ಶಬ್ ಎಂದರೆ ಪಾದ, ತೆನ್ ಎಂದರೆ ಸ್ಥಿರ. ನಿಮ್ಮ ಪಾದ ಊರಿ ನಿಲ್ಲಲಿ. ದೊಡ್ಡದಾಗಿ ಮಾಡುವ ಅರ್ಪಣೆಗೆ ತೆನ್‌ಶುಗ್. ಶುಗ್ ಎಂದರೆ ಕುಳಿತಿರು, ಇರು; ಮರ್ಯಾದೆಯ ಕ್ರಿಯಾಪದ. ಸ್ಥಿರವಾಗಿ ಇರಿ. 1935ರ ಜುಲೈ 6ರಂದು ಹುಟ್ಟಿದ ದಲೈ ಲಾಮಾ ಅವರಿಗೆ 2025ರಲ್ಲಿ ತೊಂಬತ್ತು ತುಂಬಿತು. ಆ ವರ್ಷದ ಜನವರಿಯಲ್ಲಿ ಅವರು ಬೈಲಕುಪ್ಪೆಗೆ ಬಂದು ತಂಗಿದ್ದರು. ಅವರ ಮುಂದೆ ಖತಾ ಎಂಬ ಬಿಳಿ ಶಾಲು ಹಿಡಿದು ನಿಲ್ಲುವ ಜನ ಕೇಳಿಕೊಳ್ಳುವುದು ಇದನ್ನೇ: ಹೋಗಬೇಡಿ, ಇರಿ.

ಯಾವುದೂ ನಿತ್ಯವಲ್ಲ ಎಂದು ಕಲಿಸುವ ಧರ್ಮದಲ್ಲಿ ಈ ಬೇಡಿಕೆ ಹೇಗೆ ಹುಟ್ಟಿತು? ಈ ಸನ್ಯಾಸಿಗಳೇ ಬಣ್ಣದ ಮರಳಿನಲ್ಲಿ ದಿನಗಟ್ಟಲೆ ಬಗ್ಗಿ ಕುಳಿತು ಮಂಡಲ ಬಿಡಿಸಿ, ಕೊನೆಗೆ ಗುಡಿಸಿ ನೀರಿಗೆ ಬಿಡುವವರು. ಇದನ್ನು ಒಬ್ಬ ಹಿರಿಯ ಸನ್ಯಾಸಿಯಲ್ಲಿ ಕೇಳಿದೆ. ಅವರು ಆನಂದನ ಕತೆ ನೆನಪಿಸಿದರು. ಮಹಾಪರಿನಿಬ್ಬಾಣ ಸುತ್ತದಲ್ಲಿ ಬರುವ ಪ್ರಸಂಗ. ವೈಶಾಲಿಯ ಚಾಪಾಲ ಚೈತ್ಯದಲ್ಲಿ ಬುದ್ಧ, ಮನಸ್ಸು ಮಾಡಿದರೆ ತಥಾಗತ ಒಂದು ಕಲ್ಪದ ಕಾಲ ಇರಬಲ್ಲ ಎಂದು ಮೂರು ಸಲ ಸೂಚಿಸುತ್ತಾನೆ. ಇಪ್ಪತ್ತೈದು ವರ್ಷ ಸೇವೆ ಮಾಡಿದ ಆನಂದ ಪಕ್ಕದಲ್ಲೇ ಕುಳಿತಿದ್ದಾನೆ. ಇರಿ ಸ್ವಾಮಿ ಎನ್ನಬೇಕು. ಅವನಿಗೆ ಹೊಳೆಯುವುದಿಲ್ಲ. ಆಮೇಲೆ ಹೊಳೆದು ಕೇಳಿದಾಗ ಹೊತ್ತು ಮೀರಿರುತ್ತದೆ. ‘ಆವತ್ತು ಕೇಳಲಿಲ್ಲ, ಅದಕ್ಕೇ ನಾವು ಬಿಡದೆ ಕೇಳುತ್ತೇವೆ’ ಎಂದರು ಆ ಸನ್ಯಾಸಿ.

ನಾನು ಆ ರಾತ್ರಿ ನಮ್ಮ ತಂದೆಯನ್ನು ನೆನೆದೆ. ಆಸ್ಪತ್ರೆಯಲ್ಲಿ ಕೊನೆಯ ಸಂಜೆ ಅವರು ನನ್ನ ಕೈ ಹಿಡಿದು, ಹೊಲದ ಪಹಣಿ ಎಲ್ಲಿದೆ, ಸೊಸೈಟಿ ಸಾಲ ಎಷ್ಟಿದೆ ಎಂದೆಲ್ಲ ಹೇಳಿ, ‘ಇನ್ನೇನು, ಆಯ್ತು’ ಎಂದರು. ನಾನು ‘ಹೂಂ ಅಪ್ಪ’ ಎಂದೆ. ಸಾಲದ ಲೆಕ್ಕ ಬರೆದುಕೊಂಡೆ. ಇರಪ್ಪ ಎನ್ನಲಿಲ್ಲ. ಎಂದಿದ್ದರೆ ಇರುತ್ತಿದ್ದರು ಎಂದಲ್ಲ. ಕೇಳಿಸಿಕೊಂಡು ಹೋಗುತ್ತಿದ್ದರು.

ಕನ್ನಡದಲ್ಲಿ ಆ ಮಾತು ಇಲ್ಲವೇ ಎಂದು ಹುಡುಕುತ್ತ ಹೋದೆ. ಸಂಸ್ಕೃತದ ಚಿರಂಜೀವಿಯಲ್ಲಿ ಸಿಗಲಿಲ್ಲ. ಅಮರ ಅಂತೂ ಇನ್ನೂ ದೂರ ಹೋಗಿದೆ: ಅಮರರಾದರು ಎಂದರೆ ಈಗ ತೀರಿಕೊಂಡರು ಎಂದೇ ಅರ್ಥ. ಸಿಕ್ಕಿದ್ದು ನಮ್ಮ ಕೇರಿಗಳಲ್ಲಿ. ಸುಗ್ಗಿಯಲ್ಲಿ ಕಣಕ್ಕೆ ಬಂದು ಮೊರ ಒಡ್ಡಿ ರಾಗಿ ಹಾಕಿಸಿಕೊಂಡವರು ‘ತಣ್ಣಗಿರ್ರಪ್ಪ’ ಎಂದು ಹೋಗುತ್ತಿದ್ದರು. ನೀರು ಕೇಳಿದವರಿಗೆ ಮಜ್ಜಿಗೆ ಕೊಟ್ಟರೆ ‘ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ’. ಈ ಮಾತಿಗೆ ಮೇಲು ಕೆಳಗಿಲ್ಲ. ಹರಕು ಸೀರೆಯ ಮುದುಕಿ ಪಟೇಲರ ಹೆಂಡತಿಗೂ ಹೇಳಬಹುದು, ಹುಡುಗ ಅಜ್ಜನಿಗೂ ಹೇಳಬಹುದು. ಅದರಲ್ಲಿರುವ ಕ್ರಿಯಾಪದ ನಮ್ಮದೇ: ಇರು. ಬದುಕುವುದಕ್ಕೂ ಅದೇ, ಉಳಿಯುವುದಕ್ಕೂ ಅದೇ. ಹೊರಟ ನೆಂಟರನ್ನು ‘ಇರಿ, ಇರಿ, ಊಟ ಮಾಡ್ಕಂಡು ಹೋಗೀರಂತೆ’ ಎಂದು ಹಿಡಿದು ನಿಲ್ಲಿಸುವ ಮಾತೂ ಅದೇ. ಅದು ಗುರುಪುರದ ಶುಗ್‌ನ ಸ್ವಂತ ಅಕ್ಕ. ಇಷ್ಟು ದೊಡ್ಡ ಪದ ಇಷ್ಟು ಸಣ್ಣದಾಗಿ ಬಾಯಲ್ಲೇ ಇದ್ದದ್ದು ನನಗೆ ಕಾಣಲು ನೆರೆಯ ಭಾಷೆ ಬೇಕಾಯಿತು.

ತೆನ್‌ಶುಗ್‌ನ ಆ ಶುಗ್ ಮಠದೊಳಗೇ ಕುಳಿತಿಲ್ಲ, ಶೂ ಆಗಿ ಬಸ್ ಸ್ಟ್ಯಾಂಡಿಗೂ ಬರುತ್ತದೆ. ಟಿಬೆಟಿನವರು ಬೀಳ್ಕೊಳ್ಳುವಾಗ ಇಬ್ಬರ ಮಾತು ಬೇರೆ ಬೇರೆ. ಹೊರಟವರು ಉಳಿದವರಿಗೆ ‘ಕಲೇ ಶೂ’ ಎನ್ನುತ್ತಾರೆ, ನಿಧಾನವಾಗಿ ಇರಿ. ಉಳಿದವರು ಹೊರಟವರಿಗೆ ‘ಕಲೇ ಫೇ’ ಎನ್ನುತ್ತಾರೆ, ನಿಧಾನವಾಗಿ ಹೋಗಿ. ಗುರುಪುರದ ಹುಡುಗರು ಈಗ ಬೆಂಗಳೂರಿಗೆ, ಅಲ್ಲಿಂದ ಕೆನಡಾಕ್ಕೆ, ಅಮೆರಿಕಕ್ಕೆ ಹೋಗುತ್ತಿದ್ದಾರೆ. ಮೋಲಾ ಅವರ ಮೊಮ್ಮಗ ಹೋದ ದಿನ ನಾನೂ ಇದ್ದೆ. ಖತಾ ಕೊರಳಿಗೆ ಬಿತ್ತು. ಅವನು ಕಲೇ ಶೂ ಎಂದ. ಅವರು ಕಲೇ ಫೇ ಎಂದರು. ಬಸ್ಸು ತಿರುವು ದಾಟುವ ತನಕ ಅವರ ಬಾಯಲ್ಲಿ ಫೇ, ಫೇ ಎಂಬುದು ಸಣ್ಣಗೆ ನಡೆದೇ ಇತ್ತು. ಜಪಮಣಿ ಬೆರಳಿನಲ್ಲಿ ನಿಂತಿತ್ತು.

ನಮ್ಮ ತಾಯಿ ಹಾಸಿಗೆ ಹಿಡಿದದ್ದು ಅದಾದ ಎರಡನೆಯ ವರ್ಷ. ಮೋಲಾ ಕೋಲೂರಿಕೊಂಡು ನೋಡಲು ಬಂದರು. ಇಬ್ಬರಿಗೂ ಎಂಬತ್ತು ದಾಟಿತ್ತು. ಕಿತ್ತಳೆ ಸುಲಿದು ಎಸಳಿನ ನಾರು ತೆಗೆದು ಅಮ್ಮನ ಬಾಯಿಗಿಟ್ಟರು. ಮಾತು ಹೆಚ್ಚಿಲ್ಲ. ಸಂಜೆ ಕೊನೆ ಬಸ್ಸಿನ ಹೊತ್ತಾಯಿತು ಎಂದು ಎದ್ದು, ಅಮ್ಮನ ಹಣೆಗೆ ತಮ್ಮ ಹಣೆ ತಾಗಿಸಿ, ‘ಕಲೇ ಶೂ’ ಎಂದರು.

ಅಮ್ಮ ನನ್ನ ಕಡೆ ನೋಡಿದರು. ‘ಏನಂತಾಳಪ್ಪ?’

‘ನಿಧಾನ್ವಾಗಿ ಇರಿ ಅಂತಾರಮ್ಮ.’

‘ಹೂಂ, ಇರ್ತೀನಿ ಅನ್ನು. ಅವಳ್ಗೂ ತಣ್ಣಗಿರು ಅಂತ ಹೇಳು.’

ಹೇಳಬೇಕಾಗಿ ಬರಲಿಲ್ಲ. ಮೋಲಾ ಕೋಲನ್ನು ಗೋಡೆಗೆ ಒರಗಿಸಿ ಮತ್ತೆ ಮಂಚದ ಅಂಚಿಗೆ ಕುಳಿತರು. ಆ ರಾತ್ರಿ ನಮ್ಮ ಮನೆಯಲ್ಲೇ ಉಳಿದರು.